ಮುಗಿದದ್ದನ್ನು ಕೆದಕದಿರೋಣ



ಎಚ್‌ಐವಿ ಇಲ್ಲವೆಂದು ವರದಿ ಬಂದರೂ ನಮ್ಮಲ್ಲಿ ಕೆಲವರಿಗೆ ನಿದ್ದೆಯಿಲ್ಲ. ಸಣ್ಣ ಜ್ವರಕ್ಕೂ ಮತ್ತೆ ಪರೀಕ್ಷೆ. ಮನಸ್ಸು ಚುಚ್ಚಿದರೆ ಮತ್ತೆ ಅದೇ ಪಾಪನಿವೇದನೆ. ಅಪಾಯದ ಸಂದರ್ಭ ಕಳೆದು 3 ತಿಂಗಳಾದ ಮೇಲೆ ಮಾಡಿಸಿದ ಪರೀಕ್ಷೆ ಸೋಂಕಿಲ್ಲವೆಂದರೆ, ಆ ಸಂದರ್ಭದಿಂದ ಸೋಂಕು ತಗುಲಿಲ್ಲವೆಂದೇ ಅರ್ಥ. ರೋಗವು ದೇವರ ಶಿಕ್ಷೆಯಲ್ಲ. ಹಾಗೆಯೇ ತಪ್ಪಿನ ನೋವಿಗೆ ರಕ್ತಪರೀಕ್ಷೆ ಮದ್ದಲ್ಲ.

1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಸಂತ ಇಗ್ನೇಷಿಯಸರು ನಿವೇದಿಸಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ ನರಳಿದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲವೆಂದು ನಿರ್ಧರಿಸಿದ ಮೇಲೆ ಆ ತೊಳಲಾಟ ನಿಂತಿತು.

ದೇವರು ಕ್ಷಮಿಸಿದ್ದನ್ನು ನಾವು ಕೆದಕುವುದು ಬೇಡ. ಆದರೂ ಭಯ ಬಿಡದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡೋಣ. ಅದು ವಿಶ್ವಾಸದ ಕೊರತೆಯಲ್ಲ. ಪ್ರಭುವಿನ ಶಾಂತಿ ನಮ್ಮ ಮನೆಗಳಲ್ಲಿ ನೆಲೆಸಲಿ.