ನೂರು ಡಾಲರಿನ ನೋಟು, ನಲವತ್ತು ಎಕರೆ ಕಾಡು

ಅಂದು ಬ್ಯಾಂಕಿಗೆ ಹೋಗಿ ಜಮೀನಿನ ಕಾಗದಪತ್ರಗಳಿಗೆ ಸಹಿ ಹಾಕಬೇಕಿತ್ತು. ಗಂಡ ಹೆಂಡತಿ ಇದ್ದುದರಲ್ಲಿ ಒಳ್ಳೆಯ ಉಡುಪು ತೊಟ್ಟು ಸಿದ್ಧರಾಗಿದ್ದರು. ಹೆಂಡತಿ ತನ್ನ ಪುಟ್ಟ ಬರವಣಿಗೆ ಪೆಟ್ಟಿಗೆಯನ್ನು ತೆರೆದಳು. ಸಾವಿರ ಕಿಲೋಮೀಟರ್ ಹಾದಿಯುದ್ದಕ್ಕೂ ಅದರಲ್ಲಿ ಜೋಪಾನವಾಗಿ ಬಂದಿದ್ದ ನೂರು ಡಾಲರಿನ ಒಂದೇ ಒಂದು ನೋಟು ಅಲ್ಲಿರಲಿಲ್ಲ!

ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದ್ದಾಯಿತು, ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದಾಯಿತು. ಕೊನೆಗೆ ಏಳು ವರ್ಷದ ಮಗಳನ್ನು ಕರೆದು, ಪೆಟ್ಟಿಗೆಯನ್ನೇನಾದರೂ ಮುಟ್ಟಿದ್ದೆಯಾ, ಯಾರೊಡನೆಯಾದರೂ ಬಾಯಿಬಿಟ್ಟಿದ್ದೆಯಾ ಎಂದು ವಿಚಾರಿಸಿದರು. ತನ್ನ ಮೇಲೆ ಅನುಮಾನಪಟ್ಟರಲ್ಲ ಎಂಬ ನೋವು ಆ ಮಗುವನ್ನು ಎಷ್ಟು ಕಾಡಿತೆಂದರೆ, ಮುಂದೆ ಹೆಸರಾಂತ ಲೇಖಕಿಯಾದ ಮೇಲೂ ಅವಳು ಅದನ್ನು ಮರೆಯದೆ ಬರೆದಿಟ್ಟಳು.

ಇದು ನಡೆದದ್ದು 1894ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಮ್ಯಾನ್ಸ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ಗಂಡ ಅಲ್ಮಾಂಜೊ ವೈಲ್ಡರ್. ಮಗಳು ರೋಸ್. ಹೆಂಡತಿ ಲಾರಾ ಇಂಗಲ್ಸ್ ವೈಲ್ಡರ್. 'ಲಿಟ್ಲ್ ಹೌಸ್' ಪುಸ್ತಕಮಾಲೆಯಿಂದ ಮುಂದೆ ಲೋಕಪ್ರಸಿದ್ಧಳಾದವಳು. ಆಗಿನ್ನೂ ಅವಳು ಇಪ್ಪತ್ತೇಳರ ಹರೆಯದ ಬಡ ರೈತನ ಹೆಂಡತಿ. ಆ ನೋಟು ಹೊಲಿಗೆ ಕೆಲಸದಿಂದ ಅವಳು ಕೂಡಿಟ್ಟ ಹಣ. ಕೂಲಿ ದಿನಕ್ಕೆ ಒಂದು ಡಾಲರ್. ಅಂದರೆ ಕಳೆದುಹೋಗಿದ್ದು ಅವಳ ಬದುಕಿನ ನೂರು ದಿನ!

ಅವರು ಬಂದದ್ದು ಉತ್ತರದ ದಕ್ಷಿಣ ಡಕೋಟಾದಿಂದ. ಅಲ್ಲಿನ ಡಿ ಸ್ಮೆಟ್ ಎಂಬ ಊರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು, ಮರಗಳು ತೀರ ವಿರಳ. 1862ರ ಕಾನೂನಿನಂತೆ, ಐದು ವರ್ಷ ನೆಲೆಸಿ ಉತ್ತರೆ 160 ಎಕರೆ ಹೊಲ ಉಚಿತ. (ಸರ್ಕಾರ ಹೀಗೆ ಹಂಚಿದ ನೆಲ ಬರಿದಾಗಿರಲಿಲ್ಲ, ಅದು ಮೂಲನಿವಾಸಿಗಳ ನಾಡಾಗಿತ್ತೆಂಬುದನ್ನು ಮರೆಯಬಾರದು.) 1873ರಲ್ಲಿ ಇನ್ನೊಂದು ಕಾನೂನು ಬಂತು: ಮರ ಬೆಳೆಸಿ, ಅದಕ್ಕೂ 160 ಎಕರೆ ಪಡೆಯಿರಿ! ನಲವತ್ತು ಎಕರೆಯಲ್ಲಿ ಗಿಡ ನೆಡಬೇಕೆಂಬ ಷರತ್ತು ಭಾರವಾದಾಗ 1878ರಲ್ಲಿ ಅದನ್ನು ಹತ್ತು ಎಕರೆಗೆ ಇಳಿಸಿದರು.

ಈ ಉದಾರತೆಯ ಹಿಂದೆ ಒಂದು ವಿಚಿತ್ರ ನಂಬಿಕೆಯಿತ್ತು. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ, ಒಣನೆಲವನ್ನು ಉತ್ತು ಗಿಡ ನೆಟ್ಟರೆ ಹವಾಮಾನವೇ ಬದಲಾಗುತ್ತದೆ ಎಂದು ಆ ಕಾಲದ ಕೆಲವು ಪ್ರಾಧ್ಯಾಪಕರೂ ಬರೆದರು. ಅವರ ಪುರಾವೆಯಾದರೂ ಏನು? ಜನ ವಲಸೆ ಬಂದ ಕೆಲವು ವರ್ಷಗಳಲ್ಲಿ ಕಾಕತಾಳೀಯವಾಗಿ ಒಳ್ಳೆಯ ಮಳೆ ಬಿದ್ದಿತ್ತು, ಅಷ್ಟೆ. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂಬುದು ವಿಜ್ಞಾನದ ಮೊದಲ ಪಾಠಗಳಲ್ಲೊಂದು. ಅದನ್ನು ಮರೆತದ್ದರ ಬೆಲೆಯನ್ನು ತೆತ್ತವರು ಪುಸ್ತಕ ಬರೆದ ಪ್ರಾಧ್ಯಾಪಕರಲ್ಲ, ಡಕೋಟಾದ ರೈತರು. ಬರಗಾಲ ಬಂತು. ಅಲ್ಮಾಂಜೊ ನೆಟ್ಟ ಸಸಿಗಳು ಬಿಸಿಗಾಳಿಗೆ ಒಣಗಿದವು, ಗೋಧಿ ಕೈಕೊಟ್ಟಿತು. 1888ರಲ್ಲಿ ಗಂಡಹೆಂಡತಿ ಇಬ್ಬರಿಗೂ ಗಳಚರ್ಮ ರೋಗ ತಗುಲಿ, ಅದರ ಬೆನ್ನಿಗೇ ಅಲ್ಮಾಂಜೊನ ಕಾಲಿನ ಸ್ವಾಧೀನ ತಪ್ಪಿತು. ಮರುವರ್ಷ ಹಸುಗೂಸೊಂದು ತೀರಿಕೊಂಡಿತು, ಅದಾದ ಕೆಲವೇ ದಿನಗಳಲ್ಲಿ ಮನೆ ಸುಟ್ಟುಹೋಯಿತು.

ಕಾಡಿನ ಕಡೆಗೆ ಅವರ ಮೊದಲ ವಲಸೆ ಸೋತಿತ್ತೆಂಬುದು ಹಲವರಿಗೆ ತಿಳಿಯದು. ಬೆಚ್ಚನೆಯ ಹವೆ ಅಲ್ಮಾಂಜೊನ ಕಾಲಿಗೆ ಒಳ್ಳೆಯದೆಂದು 1891ರಲ್ಲಿ ಅವರು ದೂರದ ಫ್ಲಾರಿಡಾಕ್ಕೆ ಹೋಗಿ ಪೈನ್ ಮರಗಳ ನಡುವೆ ಬಿಡಾರ ಹೂಡಿದ್ದರು. ಅಲ್ಲಿನ ಸೆಕೆ ಲಾರಾಳ ಮೈಗೆ ಹಿಡಿಸಲಿಲ್ಲ. ಮರುವರ್ಷವೇ ಡಕೋಟಾಕ್ಕೆ ಮರಳಿದರು. ಹೋದ ಖರ್ಚು, ಬಂದ ಖರ್ಚು ಎರಡೂ ದಂಡ.

ಮಿಸೌರಿಯ ಓಝಾರ್ಕ್ ಬೆಟ್ಟಗಳ ಬಗ್ಗೆ ಆಗ ಬಣ್ಣದ ಪ್ರಚಾರವಿತ್ತು. 'ದೊಡ್ಡ ಕೆಂಪು ಸೇಬಿನ ನಾಡು' ಎಂದು ಹೊಗಳುವ ಹೊತ್ತಿಗೆಗಳು ಊರೂರು ತಿರುಗುತ್ತಿದ್ದವು. ಒಮ್ಮೆ ಮೋಸಹೋದವರು ಮತ್ತೆ ನಂಬಿದರೇ? ನಂಬಿದರು. ಆದರೆ ಈ ಸಲ ಕಣ್ಣಾರೆ ನೋಡದೆ ಹಣ ಕೊಡಲಿಲ್ಲ.

1894ರ ಜುಲೈ 17ರಂದು ಕುದುರೆಗಾಡಿ ಹೊರಟಿತು. ಮ್ಯಾನ್ಸ್‌ಫೀಲ್ಡ್ ಮುಟ್ಟಿದ್ದು ಆಗಸ್ಟ್ 30ಕ್ಕೆ. ಸುಮಾರು 1,050 ಕಿಲೋಮೀಟರ್, ನಲವತ್ತೈದು ದಿನ. ಲೆಕ್ಕ ಹಾಕಿ: ದಿನಕ್ಕೆ 23 ಕಿಲೋಮೀಟರು. ಬೆಂಗಳೂರಿನಿಂದ ಮುಂಬೈಗೆ ಈ ವೇಗದಲ್ಲಿ ಹೋಗುವುದನ್ನು ಊಹಿಸಿಕೊಳ್ಳಿ! ಲಾರಾ ದಾರಿಯಲ್ಲಿ ದಿನಚರಿ ಬರೆದಳು. ಗಾಡಿಯೊಳಗಿನ ಉಷ್ಣಾಂಶ, ದಾರಿಬದಿಯ ಬೆಳೆ, ಮಣ್ಣು, ಜಮೀನಿನ ದರ, ಎಲ್ಲವೂ ಅದರಲ್ಲಿವೆ. ಮಿಸೌರಿ ನದಿಯನ್ನು ಧೂಳಿನ ಬಿರುಗಾಳಿಯ ನಡುವೆ ದೋಣಿಯಲ್ಲಿ ದಾಟಿದರು. ವಲಸೆಗಾರರ ಗಾಡಿಗಳು ಎರಡೂ ದಿಕ್ಕಿಗೆ ಹೋಗುತ್ತಿದ್ದವು. ಇವರು ಎತ್ತ ಹೊರಟಿದ್ದರೋ ಅತ್ತಲಿಂದಲೇ ಕೆಲವರು ಬೇಸತ್ತು ವಾಪಸು ಬರುತ್ತಿದ್ದರು!

ದಾರಿಖರ್ಚಿಗೆ ಅಲ್ಮಾಂಜೊ ಒಯ್ದ ಸರಕು ಯಾವುದು ಗೊತ್ತೆ? ಆಸ್‌ಬೆಸ್ಟಾಸ್‌ನಿಂದ ಮಾಡಿದ ಒಲೆಯ ಚಾಪೆಗಳು. ಪಾತ್ರೆಯ ತಳಕ್ಕೆ ಹಾಕಿದರೆ ಅಡುಗೆ ಸೀಯುವುದಿಲ್ಲ. ಬೆಂಕಿಗೂ ಬಗ್ಗದ ಈ ಖನಿಜದ ನಾರು ಆಗಿನ ಹೆಂಗಸರಿಗೆ ಪವಾಡದಂತಿತ್ತು. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೋದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲವೆಂದು ಜಗತ್ತಿಗೆ ಖಚಿತವಾದದ್ದು ದಶಕಗಳ ನಂತರ.

ಸರಿ, ಕಾಡಿನ ಮನೆಗೆ ಬರೋಣ. ಲಾರಾ ಮೆಚ್ಚಿದ ಜಾಗ ಊರಿನಿಂದ ಒಂದೂವರೆ ಕಿಲೋಮೀಟರಿನಷ್ಟು ಆಚೆ, ಕಲ್ಲುಗುಡ್ಡದ ಮೇಲೆ: ನಲವತ್ತು ಎಕರೆ, ಬಹುಪಾಲು ಕಾಡು, ಒಂದು ಚಿಲುಮೆ, ಕಿಟಕಿಯೇ ಇಲ್ಲದ ಮರದ ದಿಮ್ಮಿಗಳ ಗುಡಿಸಲು. ಹಿಂದಿನವನು ತರಿಸಿದ್ದ ನೂರಾರು ಸೇಬಿನ ಸಸಿಗಳು ನಾಟಿಗೆ ಕಾದಿದ್ದವು. ಅಲ್ಮಾಂಜೊಗೆ ಆ ಕಲ್ಲುಭೂಮಿ ಅಷ್ಟಾಗಿ ಹಿಡಿಸಲಿಲ್ಲ. ಲಾರಾ ಪಟ್ಟು ಬಿಡಲಿಲ್ಲ. ನೂರು ಡಾಲರ್ ಮುಂಗಡ, ಉಳಿದದ್ದಕ್ಕೆ ಅಡಮಾನ ಎಂದು ಮಾತಾಯಿತು. ಆಗಲೇ ನೋಟು ಮಾಯವಾದದ್ದು.

ಕೆಲವು ದಿನಗಳ ನಂತರ ಅದು ಸಿಕ್ಕಿತು, ಅದೇ ಪೆಟ್ಟಿಗೆಯ ಬಿರುಕೊಂದರಲ್ಲಿ! ಅಷ್ಟರಲ್ಲಿ ಜಮೀನು ಬೇರೆಯವರ ಪಾಲಾಗದಿದ್ದದ್ದು ಪುಣ್ಯ. ಲಾರಾ ಅದಕ್ಕೆ 'ರಾಕಿ ರಿಡ್ಜ್' ಎಂದು ಹೆಸರಿಟ್ಟಳು. ಕಲ್ಲುದಿಬ್ಬ ಎನ್ನಬಹುದು, ಹೆಸರಿನಲ್ಲಿ ಮುಚ್ಚುಮರೆ ಇಲ್ಲ.

ಕಥೆ ಇಲ್ಲಿಗೆ ಮುಗಿದರೆ ಸಿನಿಮಾದಂತಿರುತ್ತಿತ್ತು. ಆದರೆ ಸೇಬಿನ ಸಸಿ ನೆಟ್ಟ ಮರುವರ್ಷವೇ ಹಣ್ಣು ಬಿಡುವುದಿಲ್ಲ. ಮಾರುವಷ್ಟು ಫಸಲು ಬರಲು ಏಳು ವರ್ಷವಾದರೂ ಬೇಕು. ಅಲ್ಲಿಯವರೆಗೆ ಹೊಟ್ಟೆಗೇನು? ಗರಗಸದ ಒಂದು ತುದಿಯನ್ನು ಕುಂಟುಕಾಲಿನ ಗಂಡ, ಇನ್ನೊಂದು ತುದಿಯನ್ನು ಲಾರಾ ಹಿಡಿದು ಮರ ಕೊಯ್ದರು. ಮೊದಲ ಚಳಿಗಾಲದಲ್ಲಿ ಒಂದು ಗಾಡಿ ಸೌದೆಗೆ ಸಿಕ್ಕಿದ್ದು 50 ಸೆಂಟ್ ಎಂದು ರೋಸ್ ನೆನೆಸಿಕೊಂಡಿದ್ದಾಳೆ. ಡಕೋಟಾದಲ್ಲಿ ಗಿಡ ಬದುಕಲಿಲ್ಲವೆಂದು ಸೋತವರು ಇಲ್ಲಿ ಮರ ಕಡಿದು ಉಸಿರಾಡಿದರು.

ಅದೂ ಸಾಲದಾಗಿ, ನಾಲ್ಕೇ ವರ್ಷಗಳಲ್ಲಿ ಕಾಡಿನ ಮನೆ ಬಿಟ್ಟು ಮ್ಯಾನ್ಸ್‌ಫೀಲ್ಡ್ ಪೇಟೆಗೆ ಬಂದು ನೆಲೆಸಬೇಕಾಯಿತು. ಅಲ್ಮಾಂಜೊ ಗಾಡಿಯಲ್ಲಿ ಸಾಮಾನು, ಸೀಮೆಎಣ್ಣೆ ಸಾಗಿಸಿದ. ಲಾರಾ ಪ್ರಯಾಣಿಕರಿಗೆ ಊಟ ಬೇಯಿಸಿ ಹಾಕಿದಳು. ಪೇಟೆಯ ದುಡಿಮೆಯಿಂದ ತೋಟವನ್ನು ಸಾಕಿದರು ಎನ್ನಬೇಕು. ಹಳ್ಳಿಮನೆಯ ಕನಸು ಕಾಣುವವರು ಓದಬೇಕಾದ ಪುಟ ಇದು. ಎಲ್ಲರೂ ಇದನ್ನು ದಾಟಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅವರು ಗುಡ್ಡಕ್ಕೆ ಪೂರ್ತಿಯಾಗಿ ಮರಳಿದ್ದು ಸುಮಾರು 1910ಕ್ಕೆ.

ಸೇಬಿನ ತೋಟ ಮಾತ್ರ ಕೈ ಹಿಡಿಯಿತು. 'ಬೆನ್ ಡೇವಿಸ್', 'ಮಿಸೌರಿ ಪಿಪಿನ್' ಅಲ್ಲಿನ ಮುಖ್ಯ ತಳಿಗಳು. ಅಲ್ಮಾಂಜೊ 1912ರಲ್ಲಿ 'ಮಿಸೌರಿ ರೂರಲಿಸ್ಟ್' ಎಂಬ ರೈತಪತ್ರಿಕೆಯಲ್ಲಿ ತನ್ನ ಗುಟ್ಟು ಬಿಚ್ಚಿಟ್ಟ. ಮೊಲಗಳು ತೊಗಟೆ ತಿನ್ನದಂತೆ ಕಾಂಡಕ್ಕೆ ಹೊದಿಕೆ, ಬುಡಕ್ಕೆ ಸೌದೆಯ ಬೂದಿ. ಎಲ್ಲಕ್ಕಿಂತ ಮುಖ್ಯವಾಗಿ, ಜಮೀನಿನಲ್ಲಿ ಯಾರಿಗೂ ಬೇಟೆಯಾಡಲು ಬಿಡುತ್ತಿರಲಿಲ್ಲ. ಹೀಗಾಗಿ ಲಾವುಗೆ ಹಕ್ಕಿಗಳು ತೋಟದಲ್ಲಿ ತುಂಬಿಕೊಂಡು ಮರದ ಬುಡದ ಹುಳುಗಳನ್ನು ತಿಂದುಹಾಕುತ್ತಿದ್ದವು. ಡಿ.ಡಿ.ಟಿ. ಹೊಲಗಳಿಗೆ ಬರುವ ಮೂವತ್ತು ವರ್ಷ ಮೊದಲೇ!

ನಲವತ್ತು ಎಕರೆ ಬೆಳೆದು ಸುಮಾರು 200 ಆಯಿತು. ಮನೆಯೋ, ಒಂದೊಂದು ಕೋಣೆಯಾಗಿ ಬೆಳೆದು 1913ರಲ್ಲಿ ಪೂರ್ಣವಾಯಿತು. ತೊಲೆಗಳು ಅದೇ ಕಾಡಿನವು, ಕಲ್ಲು ಅದೇ ಗುಡ್ಡದ್ದು. ಲಾರಾಳ ಮೊದಲ ಪುಸ್ತಕ ಬಂದದ್ದು 1932ರಲ್ಲಿ, ಅವಳ ಅರವತ್ತೈದನೆಯ ವಯಸ್ಸಿಗೆ. ಅಲ್ಮಾಂಜೊ 1949ರಲ್ಲಿ, ಲಾರಾ 1957ರಲ್ಲಿ ತೀರಿಕೊಂಡರು. ಮನೆ ಈಗ ವಸ್ತುಸಂಗ್ರಹಾಲಯ. ನೋಡಲು ಹೋದವರು ಅಡುಗೆಮನೆಯ ಕಟ್ಟೆಗಳು ಇಷ್ಟು ತಗ್ಗೇಕೆ ಎಂದು ಕೇಳುತ್ತಾರೆ. ಲಾರಾ ಐದಡಿಗೂ ಒಂದಂಗುಲ ಕಡಿಮೆ. ಅವಳ ಕೈಗೆಟುಕುವ ಅಳತೆಗೆ ಅಲ್ಮಾಂಜೊ ಅವನ್ನು ಮಾಡಿಕೊಟ್ಟಿದ್ದ.