ಮೊದಲ ತಿಂಗಳ ಬಾಡಿಗೆ ಬಿಟ್ಟರೆ ಲಾಭವೇ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ನೋಡು ಎಂಬುದನ್ನೂ ಈಗ ಸೇರಿಸಬೇಕು! ನಿಮ್ಮ ಮಗನಿಗೋ ಮಗಳಿಗೋ ಅಲ್ಲಿ ಕೆಲಸ ಸಿಕ್ಕಿ, ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಮನೆ ನೋಡಲು ಹೊರಟಿದ್ದೀರಾ? ಹಾಗಾದರೆ ಒಂದು ಹಾಳೆ, ಪೆನ್ಸಿಲು ಜೊತೆಯಲ್ಲಿರಲಿ.

"ಮೊದಲ ತಿಂಗಳ ಬಾಡಿಗೆ ಬೇಡಮ್ಮ, ಬಿಟ್ಟುಬಿಡ್ತೀವಿ" ಎಂದು ಮಾಲೀಕರು ಹೇಳುವುದುಂಟು. ಯಾಕೆ ಬಿಡ್ತಾರೆ? ಮನೆ ಖಾಲಿ ಬಿದ್ದಷ್ಟು ದಿನವೂ ಅವರಿಗೆ ನಷ್ಟವೇ. ಹಾಗಂತ ಬಾಡಿಗೆಯನ್ನೇ ಇಳಿಸಿದರೆ ಆ ನಷ್ಟ ವರ್ಷವರ್ಷವೂ ಉಳಿಯುತ್ತದೆ. ಮುಂದಿನ ಏರಿಕೆಯ ಲೆಕ್ಕವೂ ಆ ಅಂಕಿಯ ಮೇಲೇ ತಾನೇ? ಆದ್ದರಿಂದ ಒಂದೇ ಸಲದ ರಿಯಾಯಿತಿ ಅವರಿಗೆ ಅನುಕೂಲ.

ನಮಗೆ? ಲೆಕ್ಕ ಹಾಕೋಣ. ಒಂದು ಮನೆಗೆ ಬಾಡಿಗೆ 20,000 ರೂ., ಅಡ್ವಾನ್ಸು 2 ಲಕ್ಷ, ಮೊದಲ ತಿಂಗಳು ಬಾಡಿಗೆ ಇಲ್ಲ. ಇನ್ನೊಂದಕ್ಕೆ ಬಾಡಿಗೆ 18,500, ಅಡ್ವಾನ್ಸು 1 ಲಕ್ಷ, ರಿಯಾಯಿತಿ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಕರಾರೇ ರೂಢಿ. ಅಷ್ಟಕ್ಕೆ ಮೊದಲನೆಯದು 2,00,000 ರೂ., ಎರಡನೆಯದು 2,03,500. ಮೊದಲನೆಯದೇ 3,500 ಅಗ್ಗ ಅನ್ನಿಸುತ್ತದೆ. ಆದರೆ ಹೆಚ್ಚಿಗೆ ಕಟ್ಟಿದ ಒಂದು ಲಕ್ಷ ಬ್ಯಾಂಕಿನಲ್ಲಿದ್ದರೆ ಶೇಕಡಾ 6ರಂತೆ 5,500 ರೂ. ಬಡ್ಡಿ ಬರುತ್ತಿತ್ತಲ್ಲ! ಅಡ್ವಾನ್ಸಿಗೆಂದು ಕೈಬಳೆ ಅಡವಿಟ್ಟಿದ್ದರಂತೂ ನೀವೇ ಬಡ್ಡಿ ಕಟ್ಟಬೇಕು. ಮರುವರ್ಷ ಶೇಕಡಾ 5 ಏರಿದರೆ ಎರಡು ಮನೆಗಳ ಅಂತರ ತಿಂಗಳಿಗೆ 1,575 ರೂ. ಆಗ ಬಿಟ್ಟಿ ತಿಂಗಳು ಇರುವುದಿಲ್ಲ.

ಅದಕ್ಕೇ ಹೇಳುವುದು, ರಿಯಾಯಿತಿ ಕೇಳುವುದಾದರೆ ಬಾಡಿಗೆಯಲ್ಲೇ ಕೇಳಿ, ಇಲ್ಲವೇ ಅಡ್ವಾನ್ಸಿನಲ್ಲಿ ಕೇಳಿ. ಹತ್ತು ತಿಂಗಳ ಅಡ್ವಾನ್ಸು ಬೆಂಗಳೂರಿನ ಹಳೆಯ ವಾಡಿಕೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ರಾಜ್ಯಗಳು ಒಪ್ಪಿ ಜಾರಿಗೆ ತಂದರೆ ಮಾತ್ರ ಅದು ಅನ್ವಯ. ಆದರೂ ಚೌಕಾಸಿ ಮಾಡುವಾಗ ನೆನಪಿಸಲು ಅಡ್ಡಿಯಿಲ್ಲ.

ಕೇಳುವುದಕ್ಕೂ ಕಾಲ ನೋಡಬೇಕು. ಶಾಲೆ ಶುರುವಾಗುವ ಮೇ-ಜೂನ್‌ನಲ್ಲಿ ಮನೆಗೆ ನೂಕುನುಗ್ಗಲು. ಆಷಾಢದಲ್ಲಿ ಹಾಲುಕ್ಕಿಸುವವರು ಕಡಿಮೆ. ಆಗ ಖಾಲಿ ಇರುವ ಮನೆಗೆ ಕರಾರು ಮಾಡಿಕೊಂಡು, ಬಾಡಿಗೆ ಶ್ರಾವಣದಿಂದ ಎಂದು ಒಪ್ಪಿಸಿಕೊಳ್ಳಬಹುದು.

ಇನ್ನೊಂದು ಮಾತು. ಮನೆ ಬಿಡುವಾಗ ಬಣ್ಣದ ಬಾಬ್ತು ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದುಂಟು. ಆಗ ಮೊದಲು ಬಿಟ್ಟದ್ದು ಕೊನೆಗೆ ಹೋಯಿತು! ಆದ್ದರಿಂದ ಯಾವ ತಿಂಗಳ ಬಾಡಿಗೆ ಬಿಟ್ಟಿದ್ದಾರೆ, ನಡುವೆ ಮನೆ ಬಿಟ್ಟರೆ ಅದನ್ನು ವಾಪಸು ಕೇಳುತ್ತಾರೆಯೇ, ಬಣ್ಣಕ್ಕೆ ಎಷ್ಟು, ಮೇಂಟೆನೆನ್ಸು ಯಾರದು, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನ ಖರ್ಚು ಯಾರದು, ಅಡ್ವಾನ್ಸು ಎಷ್ಟು ದಿನದಲ್ಲಿ ಹಿಂದಕ್ಕೆ ಬರುತ್ತದೆ, ಇವೆಲ್ಲ ಕರಾರಿನಲ್ಲಿ ಬರೆಸಿ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ಅಷ್ಟಾದ ಮೇಲೆ ಒಳ್ಳೆಯ ದಿನ ನೋಡಿ ಹಾಲುಕ್ಕಿಸಿದರಾಯಿತು.