ಕಳ್ಳನಿಲ್ಲದೆ ಕೂಗುವ ಕಾರು

ನಡುರಾತ್ರಿ ಕಾರು ತಾನಾಗಿ ಬೊಬ್ಬೆ ಹೊಡೆಯತೊಡಗಿದರೆ ಅಕ್ಕಪಕ್ಕದವರು ಮಾಲೀಕರನ್ನು ಬೈಯುತ್ತಾರೆ, ಮಾಲೀಕರು ರಿಮೋಟನ್ನು ಬೈಯುತ್ತಾರೆ. ಹೆಚ್ಚಿನ ಸಲ ರಿಮೋಟಿನ ತಪ್ಪೇನೂ ಇರುವುದಿಲ್ಲ. ಕಂಪನಿಯಿಂದಲೇ ಬರುವ ಸಾಮಾನ್ಯ ಅಲಾರಂಗೆ ಕಳ್ಳನನ್ನು ಗುರುತಿಸುವ ಶಕ್ತಿ ಎಲ್ಲಿಂದ ಬರಬೇಕು? ಬಾಗಿಲು, ಡಿಕ್ಕಿ, ಬಾನೆಟ್‌ಗಳಲ್ಲಿ ಕೂತಿರುವ ಪುಟ್ಟ ಸ್ವಿಚ್‌ಗಳು ಹೇಳಿದ್ದನ್ನು ಅದು ನಂಬುತ್ತದೆ, ಅಷ್ಟೆ. ಲಾಕ್ ಮಾಡಿದ ಮೇಲೆ ಅವುಗಳಲ್ಲಿ ಒಂದು ‘ತೆರೆದಿದೆ’ ಅಂದರೂ ಸಾಕು, ಹಾರ್ನ್ ಶುರು.

ಈ ಸ್ವಿಚ್‌ಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಬಾನೆಟ್‌ನದನ್ನು. ಬಾಗಿಲಿನ ಸ್ವಿಚ್‌ಗೆ ರಬ್ಬರ್ ಬೀಡಿಂಗಿನ ಆಸರೆಯಿದೆ. ಇದಕ್ಕೋ ಗ್ರಿಲ್ ಹಿಂದೆಯೇ ವಾಸ. ಮಳೆನೀರು, ಧೂಳು, ಇಂಜಿನ್ ಕಾವು ಎಲ್ಲವೂ ಅದರ ಮೇಲೇ. ಒಳಗಿನ ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದರೆ ಸಂಪರ್ಕ ಒಮ್ಮೆ ಕೂಡುತ್ತದೆ, ಒಮ್ಮೆ ಬಿಡುತ್ತದೆ. ಬೆರಳಿನಿಂದ ಒತ್ತಿ ಬಿಟ್ಟು ನೋಡಿ: ಸ್ಪ್ರಿಂಗ್ ತಡವರಿಸದೆ ಮೇಲೆ ಬರಬೇಕು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಇಲಿ ವೈರ್ ಕಡಿದಿದೆಯೇ ಎಂದೂ ಅಲ್ಲೇ ಬಗ್ಗಿ ನೋಡಿಬಿಡಿ.

ಇನ್ನೊಂದು ಕಾರಣ ಸೊರಗಿದ ಬ್ಯಾಟರಿ. ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದರೆ ಸುಮಾರು 12.6 ವೋಲ್ಟ್ ಇರಬೇಕು. 12.2ರ ಹತ್ತಿರ ಬಂದಿದ್ದರೆ ಅರ್ಧ ಖಾಲಿ ಎಂದೇ ಲೆಕ್ಕ. ವೋಲ್ಟೇಜ್ ಕುಸಿದರೆ ಯಾರೋ ವೈರ್ ಕತ್ತರಿಸುತ್ತಿದ್ದಾರೆಂದು ಭಾವಿಸುವ ಅಲಾರಂಗಳೂ ಇವೆ.

ಕೂಗು ನಿಲ್ಲದಿದ್ದಾಗ ಜನ ಸ್ಪ್ಯಾನರ್ ಹಿಡಿದು ಬ್ಯಾಟರಿ ಟರ್ಮಿನಲ್ ಬಿಚ್ಚುತ್ತಾರೆ. ಸದ್ದೇನೋ ಅಡಗಬಹುದು, ಸೈರನ್ನಿಗೆ ಸ್ವಂತ ಬ್ಯಾಟರಿ ಇದ್ದರೆ ಅದೂ ಇಲ್ಲ. ‘ರಿಸೆಟ್’ ಆಯಿತೆಂದುಕೊಳ್ಳುವುದು ಮಾತ್ರ ಭ್ರಮೆ. ಕೀಲಿಯ ಗುರುತು ಇರುವುದು ಕರೆಂಟ್ ಹೋದರೂ ಅಳಿಯದ ಮೆಮೊರಿ ಚಿಪ್‌ನಲ್ಲಿ. ಗಡಿಯಾರದ ಸಮಯ, ರೇಡಿಯೊ ಸ್ಟೇಷನ್ ಕಳೆದುಕೊಂಡದ್ದೇ ಬಂತು. ಅದಕ್ಕಿಂತ ಕೀಲಿ ಹಾಕಿ ಇಗ್ನಿಷನ್ ಆನ್ ಮಾಡುವುದು ಮೇಲು. ಬಹಳಷ್ಟು ಕಾರುಗಳು ಮಾಲೀಕರನ್ನು ಒಪ್ಪಿಕೊಳ್ಳುವುದು ಆಗಲೇ.

ರಿಮೋಟ್ ನಿಜಕ್ಕೂ ಕೈಕೊಡುವುದುಂಟು. ಒಂದೇ ಸಂಕೇತವನ್ನು ಪದೇ ಪದೇ ಕಳಿಸಿದರೆ ಕಳ್ಳ ಅದನ್ನು ಹಿಡಿದಿಟ್ಟುಕೊಂಡಾನೆಂದು ಪ್ರತಿ ಒತ್ತಿಗೂ ಸಂಕೇತ ಬದಲಾಗುತ್ತದೆ. ರಿಮೋಟ್ ಮತ್ತು ಕಾರು ಎರಡೂ ಎಣಿಕೆ ಇಟ್ಟಿರುತ್ತವೆ. ಮಗು ಮನೆಯೊಳಗೆ ಕೂತು ಬಟನ್ ಒತ್ತುತ್ತಲೇ ಇದ್ದರೆ ರಿಮೋಟಿನ ಎಣಿಕೆ ಮುಂದೋಡುತ್ತದೆ, ಕಾರಿಗೆ ಅದು ಕೇಳಿಸಿರುವುದಿಲ್ಲ. ಕೀಲಾಕ್ ಎಂಬ ಪ್ರಸಿದ್ಧ ಪದ್ಧತಿಯ ಮಾಮೂಲು ಏರ್ಪಾಟಿನಲ್ಲಿ 16ರೊಳಗಿನ ಅಂತರಕ್ಕೆ ಕ್ಷಮೆಯಿದೆ. ಅದಕ್ಕೂ ಮೀರಿ ಓಡಿದ್ದರೆ ಕಾರಿನ ಪಕ್ಕದಲ್ಲೇ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಲೆಕ್ಕ ಸರಿಹೋಗುತ್ತದೆ. ಜಗ್ಗದಿದ್ದರೆ 3 ವೋಲ್ಟಿನ ಸೆಲ್ ಬದಲಿಸಿ.

ಅಲಾರಂ ಬೇರೆ, ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಬೇರೆ. ಕೀಲಿಯ ತಲೆಯಲ್ಲಿರುವ ಅದರ ಚಿಪ್‌ಗೆ ಸೆಲ್ಲೇ ಬೇಡ. ಇಗ್ನಿಷನ್ ಸುತ್ತಲಿನ ತಂತಿಸುರುಳಿಯ ಕಾಂತಕ್ಷೇತ್ರದಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಹಾಗಾಗಿ ರಿಮೋಟ್ ಸೆಲ್ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ.

ಮಾಲೀಕರೇ ಮಾಡಿಕೊಳ್ಳಬಹುದಾದ ನಿಜವಾದ ರಿಸೆಟ್ ಒಂದಿದ್ದದ್ದು ಅಮೆರಿಕದ ಜನರಲ್ ಮೋಟರ್ಸ್‌ನ ಪಾಸ್‌ಲಾಕ್ ವ್ಯವಸ್ಥೆಯ ಹಲವು ಕಾರುಗಳಲ್ಲಿ. ಅಲ್ಲಿ ಚಿಪ್ ಕೀಲಿಯಲ್ಲಿಲ್ಲ, ಬೀಗದ ಕೊಳವೆಯಲ್ಲೇ ಸೆನ್ಸರ್. ಅದರ ಮಾತು ಕಂಪ್ಯೂಟರಿಗೆ ಹಿಡಿಸದಿದ್ದರೆ ಇಂಜಿನ್ ಸ್ಟಾರ್ಟ್ ಆಗಿ ತಕ್ಷಣ ಆರಿಹೋಗುತ್ತದೆ, ‘ಸೆಕ್ಯೂರಿಟಿ’ ದೀಪ ಉರಿಯುತ್ತದೆ. ಆಗ ಕೀಲಿಯನ್ನು ಆನ್‌ನಲ್ಲೇ ಬಿಟ್ಟು ದೀಪ ಆರುವವರೆಗೆ, ಸುಮಾರು 10 ನಿಮಿಷ, ಕಾಯಬೇಕು. ಆಮೇಲೆ ಆಫ್ ಮಾಡಿ ಮತ್ತೆ ಅದೇ, ಒಟ್ಟು ಮೂರು ಸುತ್ತು. ಅವಸರದಲ್ಲಿರುವ ಕಳ್ಳ ಅರ್ಧ ಗಂಟೆ ಕೂರಲಾರ ಎಂಬುದೇ ಇಲ್ಲಿನ ತರ್ಕ. ಇಷ್ಟಾದ ಮೇಲೂ ಕೆಲವೇ ದಿನದಲ್ಲಿ ದೀಪ ಮರಳಿ ಬಂದರೆ ಮತ್ತೆ ಮತ್ತೆ ರಿಸೆಟ್ ಮಾಡಿ ಪ್ರಯೋಜನವಿಲ್ಲ. ಸೆನ್ಸರನ್ನೋ ಅದರ ವೈರನ್ನೋ ಬದಲಿಸಬೇಕು.